ಚಿಪ್ಪು ಜಾರೋದೊಂದೇ, ಕಾರಣ ಮಾತ್ರ ಬೇರೆ ಬೇರೆ

ಮಂಡಿ ಚಿಪ್ಪು ಪದೇ ಪದೇ ಜಾರುತ್ತೆ ಅಂತ ಯಾರ ಹತ್ರ ಹೇಳ್ಕೊಂಡ್ರೂ ಸಿಗೋ ಉತ್ತರ ಎರಡೇ. ಒಂದು, ವ್ಯಾಯಾಮ ಮಾಡು ಸರಿಹೋಗುತ್ತೆ. ಇನ್ನೊಂದು, ಆಪರೇಷನ್ ಮಾಡಿಸ್ಕೊಂಡುಬಿಡು, ಮುಗೀತು. ಯಾವ ಆಪರೇಷನ್ ಅಂತ ಕೇಳಿದ್ರೆ ಮಾತು ಅಲ್ಲಿಗೇ ನಿಲ್ಲುತ್ತೆ. ಚಿಪ್ಪು ಜಾರೋದಕ್ಕೆ ಅಂತ ಇದುವರೆಗೆ ವೈದ್ಯರು ಬರೆದಿಟ್ಟಿರೋ ಆಪರೇಷನ್ ವಿಧಾನಗಳು ನೂರಕ್ಕೂ ಜಾಸ್ತಿ ಇವೆ. ಒಂದು ತೊಂದರೆಗೆ ಇಷ್ಟೊಂದು ಬಗೆ ಇದೆ ಅಂದ್ರೆ ಅದು ಒಂದೇ ತೊಂದರೆ ಅಲ್ಲ ಅಂತಾನೇ ಅರ್ಥ. ಹೊರಗಿಂದ ನೋಡೋರಿಗೆ ಎಲ್ಲರ ಚಿಪ್ಪೂ ಒಂದೇ ಥರ ಹೊರಗಡೆಗೆ ಜಾರುತ್ತೆ, ಒಳಗೆ ಯಾಕೆ ಜಾರ್ತಿದೆ ಅನ್ನೋದು ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು.

ನನ್ನ ಬಲಗಾಲಿನ ಚಿಪ್ಪು ಹುಟ್ಟಿಂದಲೇ ಸ್ವಲ್ಪ ಬೇರೆ ಆಕಾರದ್ದು. ಅದರ ಹಿಂಭಾಗದಲ್ಲಿ ಇರಬೇಕಾದ ಏಣು ಇಲ್ಲ, ಹೆಚ್ಚುಕಮ್ಮಿ ಚಪ್ಪಟೆ, ಜೊತೆಗೆ ಇರಬೇಕಾದ ಜಾಗಕ್ಕಿಂತ ಮೇಲೆ ಕೂತಿದೆ. ಹದಿಹರೆಯದಿಂದ ಜಾರ್ತಾ ಬಂದು ಕೊನೆಗೆ ಆಪರೇಷನ್ ಆಗಿ ಈಗ ಕೆಲವು ವರ್ಷ ಆಯ್ತು. ಈ ಥರ ಮೂಳೆಯ ಆಕಾರದಿಂದಲೇ ತೊಂದರೆ ಇರೋರಿಗೆ ಕನ್ನಡದಲ್ಲಿ ಓದೋಕೆ ಏನೂ ಸಿಗಲ್ಲ ಅನ್ನೋ ಸಂಕಟ ನನಗೆ ಬಹಳ ದಿನದಿಂದ ಇದೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಮೊದಲು ಚಿಪ್ಪು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ತೊಡೆ ಮುಂಭಾಗದ ದೊಡ್ಡ ಸ್ನಾಯು ಇದೆಯಲ್ಲ, ಕ್ವಾಡ್ರಿಸೆಪ್ಸ್, ಅದರ ಟೆಂಡನ್, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟೋ ಗಟ್ಟಿ ನಾರು, ಅದರೊಳಗೆ ಕೂತಿರೋ ಮೂಳೆ ಇದು, ಟೆಂಡನ್ ಒಳಗೆ ಬೆಳೆಯೋ ಮೂಳೆಗಳಲ್ಲೆಲ್ಲ ಇದೇ ದೊಡ್ಡದು. ತೊಡೆಮೂಳೆಯ ಕೆಳತುದೀಲಿ ಉದ್ದಕ್ಕೆ ಒಂದು ತಗ್ಗು ಇರುತ್ತೆ, ಡಾಕ್ಟ್ರುಗಳು ಗ್ರೂವ್ ಅಂತಾರೆ, ಚಿಪ್ಪಿನ ಹಿಂದಿನ ಏಣು ಆ ಗ್ರೂವ್‌ನಲ್ಲಿ ಕೂತು ಮಂಡಿ ಮಡಚಿದಾಗೆಲ್ಲ ಮೇಲೆ ಕೆಳಗೆ ಓಡಾಡುತ್ತೆ. ಕಾಲು ಪೂರ್ತಿ ನೀಟಿದಾಗ ಮಾತ್ರ ಚಿಪ್ಪು ಗ್ರೂವ್‌ಗಿಂತ ಮೇಲಿರುತ್ತೆ, ಆಗ ಅದನ್ನ ಹಿಡಿದಿಡೋಕೆ ಮೂಳೆಯ ಗೋಡೆ ಇಲ್ಲ. ಕಾಲು ನೀಟಿ ತೊಡೆ ಸಡಿಲ ಬಿಟ್ಟು ಕೂತು ಬೆರಳಲ್ಲಿ ಚಿಪ್ಪನ್ನ ಅತ್ಲಾಗೆ ಇತ್ಲಾಗೆ ತಳ್ಳಿ ನೋಡಿ, ಯಾರದ್ದಾದ್ರೂ ಸ್ವಲ್ಪ ಅಲ್ಲಾಡುತ್ತೆ. ಸುಮಾರು 30 ಡಿಗ್ರಿ ಮಡಚೋವಷ್ಟರಲ್ಲಿ ಅದು ಗ್ರೂವ್ ಒಳಗೆ ಇಳಿದು ಭದ್ರ ಆಗುತ್ತೆ. ಆ ಮೊದಲ 30 ಡಿಗ್ರಿಯಲ್ಲಿ ಅದು ಹೊರಗೆ ಹೋಗದ ಹಾಗೆ ಹಿಡಿಯೋದು ಮುಖ್ಯವಾಗಿ ಒಳಬದಿಯ ಒಂದು ತೆಳು ಲಿಗಮೆಂಟ್, ಅಂದ್ರೆ ಮೂಳೆಗೆ ಮೂಳೆಯನ್ನ ಕಟ್ಟೋ ನಾರಿನ ಪಟ್ಟಿ, ಎಂಪಿಎಫ್‌ಎಲ್ ಅಂತ. ಚಿಪ್ಪು ಹೊರಕ್ಕೆ ಹೋಗೋದನ್ನ ತಡೆಯೋ ಬಲದಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ. ಹಾಗಾಗಿ ಪಾದ ನೆಲದಲ್ಲಿ ಊರಿಕೊಂಡು, ಮಂಡಿ ಸ್ವಲ್ಪವೇ ಮಡಚಿದ್ದು, ಮೈ ತಿರುಗಿಸಿದ ಕ್ಷಣದಲ್ಲೇ ಚಿಪ್ಪು ಹೋಗೋದು ಜಾಸ್ತಿ.

ಹೋದಾಗ ಏನಾಗುತ್ತೆ ಅಂತ ಅನುಭವಿಸದವರಿಗೆ ಹೇಳೋದು ಕಷ್ಟ. ಕಾಲು ಇದ್ದಕ್ಕಿದ್ದ ಹಾಗೆ ನಿಮ್ಮದಲ್ಲ ಅನ್ಸುತ್ತೆ, ಕೆಳಗೆ ನೋಡಿದ್ರೆ ಮಂಡಿಯ ಮುಂಭಾಗ ತಗ್ಗಾಗಿ, ಪಕ್ಕದಲ್ಲಿ ಒಂದು ಗಟ್ಟಿ ಉಬ್ಬು ಎದ್ದಿರುತ್ತೆ, ಕಾಲು ನೀಟಿದ ತಕ್ಷಣ ಟಕ್ ಅಂತ ವಾಪಸ್ ಬರುತ್ತೆ ಆಮೇಲೆ ಊತ ಶುರು. ನೋವು ಕೆಲವು ವಾರದಲ್ಲಿ ಇಳಿಯುತ್ತೆ. ಹೆದರಿಕೆ ಇಳಿಯಲ್ಲ. ಡಾಕ್ಟ್ರು ಪರೀಕ್ಷೆ ಮಾಡುವಾಗ ಹೆಬ್ಬೆರಳಲ್ಲಿ ಚಿಪ್ಪನ್ನ ಹೊರಗಡೆಗೆ ಮೆಲ್ಲಗೆ ಒತ್ತಿ ನೋಡ್ತಾರೆ, ಅವರು ಇನ್ನೂ ಒತ್ತೋಕೆ ಶುರು ಮಾಡೋ ಮೊದಲೇ ನನ್ನ ಕೈ ಹೋಗಿ ಅವರ ಮಣಿಕಟ್ಟು ಹಿಡ್ಕೊಂಡಿತ್ತು, ನಾನು ಯೋಚನೆ ಮಾಡಿ ಹಿಡಿದಿದ್ದಲ್ಲ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ, "ಇದೇ ನಾನು ನೋಡ್ಬೇಕಾಗಿದ್ದಮ್ಮ" ಅಂದ್ರು. ಆ ಹೆದರಿಕೆಯೇ ಒಂದು ರೋಗಲಕ್ಷಣ ಅಂತ, ಅದಕ್ಕೆ ಅಂತಲೇ ಒಂದು ಪರೀಕ್ಷೆ ಇದೆ ಅಂತ ನನಗೆ ಗೊತ್ತಾಗಿದ್ದು ಆವತ್ತು. ಎಷ್ಟೋ ವರ್ಷ ಸುಮ್ಸುಮ್ನೆ ಭಯ ಪಡ್ತಾಳೆ ಅಂತ ಕೇಳಿಸ್ಕೊಂಡವಳಿಗೆ ಆ ಒಂದು ಮಾತು ಎಷ್ಟು ಸಮಾಧಾನ ಕೊಡ್ತು ಅಂತ ಹೇಳೋಕಾಗಲ್ಲ.

ಕಾರಣಗಳನ್ನ ಹುಡುಕೋ ವಿಷಯದಲ್ಲಿ ಫ್ರಾನ್ಸ್‌ನ ಲಿಯಾನ್ ಊರಿನ ಸರ್ಜನ್‌ಗಳ ಋಣ ದೊಡ್ಡದು. ಆನ್ರಿ ದೆಜೂರ್ ಮತ್ತೆ ಅವರ ಜೊತೆಗಾರರು 1994ರಲ್ಲಿ ಚಿಪ್ಪು ಜಾರೋರ ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗಳನ್ನ ಅಳತೆ ಮಾಡಿ ನಾಲ್ಕು ಮುಖ್ಯ ಕಾರಣ ಗುರುತಿಸಿದ್ರು. ಗ್ರೂವ್ ಆಳ ಇಲ್ಲದೆ ಚಪ್ಪಟೆ ಇರೋದು, ಕೆಲವರಲ್ಲಿ ತಗ್ಗಿನ ಬದಲು ಉಬ್ಬೇ ಇರೋದು. ಚಿಪ್ಪು ಮೇಲೆ ಕೂತಿರೋದು. ಚಿಪ್ಪಿನ ಕೆಳಗಿನ ಟೆಂಡನ್ ಟಿಬಿಯಾ ಅನ್ನೋ, ಮಂಡಿ ಕೆಳಗಿನ ದಪ್ಪ ಮೂಳೆಗೆ ಅಂಟೋ ಉಬ್ಬು ಗ್ರೂವ್‌ನ ನೇರಕ್ಕೆ ಇರದೆ ತುಂಬಾ ಹೊರಗಿರೋದು, ಇದನ್ನ ಟಿಟಿ-ಟಿಜಿ ಅಂತ ಮಿಲಿಮೀಟರ್‌ನಲ್ಲಿ ಅಳೀತಾರೆ, ಸಿಟಿಯಲ್ಲಿ 20 ದಾಟಿದ್ರೆ ಜಾಸ್ತಿ ಅಂತ ಲೆಕ್ಕ. ಕೊನೇದು ಚಿಪ್ಪು ಹೊರಗಡೆಗೆ ವಾಲಿರೋದು. ಇವುಗಳ ಜೊತೆ ತೊಡೆಮೂಳೆ ಒಳಕ್ಕೆ ತಿರುಚಿಕೊಂಡಿದ್ಯಾ, ಮಂಡಿಗಳು ಒಂದಕ್ಕೊಂದು ತಾಗ್ತಾವಾ, ಮೈಯ ಕೀಲುಗಳೆಲ್ಲಾ ಸಡಿಲ ಇದಾವಾ ಅಂತಾನೂ ನೋಡ್ಬೇಕು.

ಈ ಪಟ್ಟಿಯಲ್ಲಿ ಗಮನಿಸಿ, ಗ್ರೂವ್‌ನ ಆಕಾರ ಇದೆ, ಚಿಪ್ಪಿನ ಜಾಗ ಇದೆ, ಚಿಪ್ಪಿನ ಸ್ವಂತ ಆಕಾರ ಇಲ್ಲ. ನನ್ನಂಥವರ ಕಷ್ಟ ಅಲ್ಲೇ ಇರೋದು. ಚಿಪ್ಪಿನ ಆಕಾರವನ್ನ ವಿಂಗಡಿಸಿದ ಕೆಲಸ ಇನ್ನೂ ಹಳೇದು, ಸ್ವೀಡನ್‌ನ ವಿಬೆರಿ 1941ರಲ್ಲೇ ಮಾಡಿದ್ದು. ಅವರ ಲೆಕ್ಕದಲ್ಲಿ ಒಂದನೇ ಬಗೆ ಅಂದ್ರೆ ಏಣಿನ ಎರಡೂ ಕಡೆ ಇಳಿಜಾರು ಸಮ. ಎರಡನೇ ಬಗೆಯಲ್ಲಿ ಒಳಬದಿಯದ್ದು ಸ್ವಲ್ಪ ಚಿಕ್ಕದು, ಹೆಚ್ಚಿನ ಜನಕ್ಕೆ ಇರೋದು ಇದೇ. ಮೂರನೇ ಬಗೆಯಲ್ಲಿ ಒಳಬದಿಯದ್ದು ತುಂಬಾ ಪುಟ್ಟದು ಮತ್ತೆ ಕಡಿದಾದದ್ದು. ಆಮೇಲೆ ಬಂದವರು ಒಳಬದಿಯ ಇಳಿಜಾರೇ ಇಲ್ಲದ ಬಗೆಯನ್ನ ಸೇರಿಸಿ ಅದಕ್ಕೆ ಬೇಟೆಗಾರನ ಟೋಪಿ ಅಂತ ಹೆಸರಿಟ್ರು. ನನ್ನದು ಈ ಟೋಪಿ ಜಾತಿಗೆ ಹತ್ತಿರ. ಎಂಆರ್‌ಐ ತೋರಿಸ್ತಾ ಡಾಕ್ಟ್ರು ಚಿತ್ರಗಳನ್ನ ಮೇಲಿಂದ ಕೆಳಕ್ಕೆ ಒಂದೊಂದಾಗಿ ಸರಿಸ್ತಾ ಹೋದ್ರು, ಒಂದು ಕಡೆ ನಿಲ್ಲಿಸಿ ಪೆನ್ನಿನ ತುದಿಯಲ್ಲಿ ಎರಡು ಗೆರೆ ತೋರಿಸಿದ್ರು, ಮೇಲಿನದ್ದು ಚಿಪ್ಪಿನ ಹಿಂಭಾಗ, ಕೆಳಗಿನದ್ದು ತೊಡೆಮೂಳೆ. ಎರಡೂ ಹೆಚ್ಚುಕಮ್ಮಿ ನೇರ ಗೆರೆಗಳು. ಒಂದರಲ್ಲಿ ಏಣಿಲ್ಲ ಇನ್ನೊಂದರಲ್ಲಿ ತಗ್ಗು ಸಾಲದು, ಹಿಡಿದುಕೊಳ್ಳೋಕೆ ಯಾರ ಹತ್ರಾನೂ ಏನೂ ಇಲ್ಲ. ವ್ಯಾಯಾಮ ಸಾಲದು ಅಂತ ಅವರು ಬಾಯಿಬಿಟ್ಟು ಹೇಳೋ ಮೊದಲೇ ನನಗೆ ಅರ್ಥ ಆಯ್ತು.

ಇದರಲ್ಲಿ ಯಾವುದು ಮೊದಲು ಅನ್ನೋದು ಸುಲಭದ ಪ್ರಶ್ನೆ ಅಲ್ಲ. ಬೆಳೆಯೋ ವಯಸ್ಸಲ್ಲಿ ಚಿಪ್ಪೂ ಗ್ರೂವೂ ಒಂದನ್ನೊಂದು ಒತ್ತಿಕೊಂಡೇ ಆಕಾರ ಪಡೀತವೆ, ಒಂದು ಜಾಗ ತಪ್ಪಿದ್ರೆ ಇನ್ನೊಂದಕ್ಕೂ ಸರಿಯಾದ ಆಕಾರ ಬರಲ್ಲ. ಕೆಲವರಲ್ಲಿ ಮಾತ್ರ ಮೂಲವೇ ಬೇರೆ ಇರುತ್ತೆ. ನೇಲ್-ಪಟೆಲ್ಲಾ ಸಿಂಡ್ರೋಮ್ ಅಂತ ಒಂದಿದೆ, ಎಲ್‌ಎಂಎಕ್ಸ್1ಬಿ ಅನ್ನೋ ಜೀನ್‌ನ ತೊಂದರೆ, ಅದರಲ್ಲಿ ಚಿಪ್ಪು ತೀರಾ ಪುಟ್ಟದಿರುತ್ತೆ ಅಥವಾ ಇರೋದೇ ಇಲ್ಲ, ಉಗುರುಗಳು, ಅದರಲ್ಲೂ ಹೆಬ್ಬೆರಳಿನ ಉಗುರು, ಸರಿಯಾಗಿ ಬೆಳೆದಿರಲ್ಲ. ಅಂಥವರಿಗೆ ಕಿಡ್ನಿ ತೊಂದರೆಯೂ ಬರಬಹುದು, ಆದ್ದರಿಂದ ಮಂಡಿಗೆ ಅಂತ ಹೋದವರಿಗೆ ಮೂತ್ರ ಪರೀಕ್ಷೆಯೂ ಬೇಕಾಗುತ್ತೆ. ಮನೇಲಿ ಯಾರಿಗಾದ್ರೂ ಚಿಪ್ಪಿನ ಜೊತೆ ಉಗುರಿನ ತೊಂದರೆಯೂ ಇದ್ರೆ ದಯವಿಟ್ಟು ಡಾಕ್ಟ್ರಿಗೆ ಹೇಳಿ, ಕೇಳ್ದೇ ಇದ್ರೂ ಹೇಳಿ. ಇನ್ನು ಎಕ್ಸ್‌ರೇ ರಿಪೋರ್ಟ್‌ನಲ್ಲಿ ಚಿಪ್ಪು ಎರಡು ತುಂಡು ಅಂತ ಬಂದು ಗಾಬರಿ ಆಗೋರಿದಾರೆ, ಮೇಲಿನ ಹೊರಮೂಲೆಯಲ್ಲಿ ಒಂದು ಸಣ್ಣ ಭಾಗ ಬಾಲ್ಯದಲ್ಲಿ ಬೆಸೆದುಕೊಳ್ಳದೆ ಹಾಗೇ ಉಳಿದಿರುತ್ತೆ, ನೂರರಲ್ಲಿ ಸುಮಾರು 2 ಜನಕ್ಕೆ ಇರುತ್ತೆ, ಬಹಳಷ್ಟು ಸಲ ಅದರಿಂದ ಏನೂ ತೊಂದರೆ ಇಲ್ಲ.

ಆಕಾರ ಬೇರೆ ಇದ್ದಾಗ ಅಳತೆಗಳೂ ದಾರಿ ತಪ್ಪಿಸ್ತವೆ ಅನ್ನೋದು ನನ್ನನ್ನ ಬಹಳ ಕಾಡಿದ ವಿಷಯ. ಚಿಪ್ಪು ಎಷ್ಟು ಮೇಲಿದೆ ಅಂತ ಹೇಳೋಕೆ ಕ್ಯಾಟನ್-ದೆಶಾಂ ಅನ್ನೋ ಅನುಪಾತ ಬಳಸ್ತಾರೆ, ಚಿಪ್ಪಿನ ಹಿಂದೆ ಕಾರ್ಟಿಲೇಜ್, ಅಂದ್ರೆ ಕೀಲಲ್ಲಿ ಮೂಳೆಯನ್ನ ಮುಚ್ಚಿರೋ ನುಣುಪು ಪದರ, ಇರೋ ಮೇಲ್ಮೈಯ ಉದ್ದ ಒಂದು ಕಡೆ, ಅದರ ಕೆಳತುದಿಯಿಂದ ಟಿಬಿಯಾಗೆ ಇರೋ ದೂರ ಇನ್ನೊಂದು ಕಡೆ, ಆ ದೂರವನ್ನ ಉದ್ದದಿಂದ ಭಾಗಿಸ್ತಾರೆ. 1.2 ದಾಟಿದ್ರೆ ಚಿಪ್ಪು ಮೇಲಿದೆ ಅಂತ. ಆದ್ರೆ ಆ ಮೇಲ್ಮೈಯೇ ಗಿಡ್ಡ ಇದ್ದವರಿಗೆ ಭಾಗಾಕಾರ ಮಾಡಿದಾಗ ಸಂಖ್ಯೆ ತಾನಾಗೇ ದೊಡ್ಡದಾಗುತ್ತೆ. ಅದಕ್ಕೆ ಒಳ್ಳೆ ಸರ್ಜನ್‌ಗಳು ಒಂದೇ ಅಳತೆ ನಂಬಲ್ಲ, ಎಂಆರ್‌ಐನಲ್ಲಿ ಚಿಪ್ಪಿನ ಕಾರ್ಟಿಲೇಜೂ ಗ್ರೂವ್‌ನ ಕಾರ್ಟಿಲೇಜೂ ನಿಜವಾಗಿ ಎಷ್ಟು ಮುಖಾಮುಖಿ ಆಗ್ತಿವೆ ಅಂತ ನೋಡ್ತಾರೆ. ಇನ್ನೊಂದು ವಿಷಯ, ಚಿಪ್ಪಿನ ಹಿಂದಿನ ಕಾರ್ಟಿಲೇಜ್ ಇಡೀ ದೇಹದಲ್ಲೇ ಅತಿ ದಪ್ಪದ್ದು, ಮೂಳೆಯ ಆಕಾರವೇ ಅದರ ಮೇಲಿನ ಕಾರ್ಟಿಲೇಜಿನ ಆಕಾರ ಅಂತ ಹೇಳೋಕಾಗಲ್ಲ. ಎಕ್ಸ್‌ರೇಯಲ್ಲೋ ಸಿಟಿಯಲ್ಲೋ ಚಪ್ಪಟೆ ಕಂಡಿದ್ದು ಕಾರ್ಟಿಲೇಜ್ ಸೇರಿಸಿ ನೋಡಿದ್ರೆ ಅಷ್ಟು ಚಪ್ಪಟೆ ಇರದೇನೂ ಇರಬಹುದು. ಆಪರೇಷನ್ ನಿರ್ಧಾರ ಬರೀ ಎಕ್ಸ್‌ರೇ ನೋಡಿ ಆಗ್ತಿದೆ ಅಂದ್ರೆ ನಾನಾದ್ರೆ ಒಪ್ಪಲ್ಲ.

ಮೊದಲ ಸಲ ಜಾರಿದವರಿಗೆ ಸಾಮಾನ್ಯವಾಗಿ ಆಪರೇಷನ್ ಮಾಡಲ್ಲ, ಮೂಳೆ-ಕಾರ್ಟಿಲೇಜಿನ ತುಂಡು ಮುರಿದು ಕೀಲೊಳಗೆ ಓಡಾಡ್ತಿದ್ರೆ ಮಾತ್ರ ಬೇರೆ ಮಾತು. ಮತ್ತೆ ಮತ್ತೆ ಜಾರಿದಾಗಲೇ ಆಪರೇಷನ್ ಮಾತು ಬರೋದು, ಮತ್ತೆ ಈಗ ಹೆಚ್ಚಾಗಿ ಮಾಡೋದು ಎಂಪಿಎಫ್‌ಎಲ್ ಅನ್ನ ಹೊಸದಾಗಿ ಕಟ್ಟೋದು. ತೊಡೆ ಹಿಂಭಾಗದಿಂದ ಮಂಡಿಯ ಒಳಬದಿಗೆ ಬರೋ ಹ್ಯಾಮ್‌ಸ್ಟ್ರಿಂಗ್ ಟೆಂಡನ್ ಒಂದನ್ನ ತೆಗೆದು, ಒಂದು ತುದಿ ಚಿಪ್ಪಿನ ಒಳ ಅಂಚಿಗೆ, ಇನ್ನೊಂದು ತುದಿ ತೊಡೆಮೂಳೆಗೆ ಕೂರಿಸ್ತಾರೆ. ಹಸೂನ ಗೂಟಕ್ಕೆ ಕಟ್ಟಿದ ಹಗ್ಗ ಇದೆಯಲ್ಲ, ಹತ್ತಿರ ಮೇಯ್ತಿರುವಾಗ ಸಡಿಲ ಬಿದ್ದಿರುತ್ತೆ, ಮೇರೆ ದಾಟೋಕೆ ಹೋದಾಗ ಮಾತ್ರ ಬಿಗಿಯಾಗುತ್ತೆ, ಹೊಸ ಲಿಗಮೆಂಟ್ ಕೂಡ ಹಾಗೇ ಇರಬೇಕು. ಚಿಪ್ಪನ್ನ ಒಳಕ್ಕೆ ಎಳೆದು ಹಿಡಿಯೋ ಕೆಲಸ ಅದರದ್ದಲ್ಲ. ಹೊಸದು ಹಳೇದಕ್ಕಿಂತ ಗಟ್ಟಿ, ಬಿಗಿಯಾಗಿ ಕಟ್ಟಿದ್ರೆ ಒಳಬದಿಯ ಕಾರ್ಟಿಲೇಜ್ ಮೇಲೆ ದಿನಾ ಒತ್ತಡ ಬಿದ್ದು ನೋವು ಶುರುವಾಗುತ್ತೆ, ಮಂಡಿ ಮಡಚೋದೂ ಕಷ್ಟ. ತೊಡೆಮೂಳೆಯಲ್ಲಿ ಕೂರಿಸೋ ಬಿಂದು ಕೆಲವು ಮಿಲಿಮೀಟರ್ ತಪ್ಪಿದ್ರೂ ಇದೇ ಗತಿ, 2007ರಲ್ಲಿ ಶೊಟ್ಲ್ ಅನ್ನೋ ಸರ್ಜನ್ ಎಕ್ಸ್‌ರೇಯಲ್ಲಿ ಆ ಬಿಂದುವನ್ನ ಗುರುತಿಸೋ ದಾರಿ ತೋರಿಸಿದ ಮೇಲೆ ಆಪರೇಷನ್ ಟೇಬಲ್ ಮೇಲೇ ಎಕ್ಸ್‌ರೇ ಹಾಕಿ ನೋಡೋದು ರೂಢಿಗೆ ಬಂತು.

ಚಿಪ್ಪು ಪುಟ್ಟದೋ ತೆಳುವೋ ಇದ್ದವರಿಗೆ ಇಲ್ಲೊಂದು ಅಪಾಯ ಜಾಸ್ತಿ. ಟೆಂಡನ್ ಕೂರಿಸೋಕೆ ಚಿಪ್ಪಲ್ಲಿ ರಂಧ್ರ ಕೊರೀಬೇಕು, ಮೂಳೆಯೇ ಕಮ್ಮಿ ಇರೋ ಕಡೆ ಅಡ್ಡಕ್ಕೆ ದೊಡ್ಡ ರಂಧ್ರ ಕೊರೆದ್ರೆ ಮುಂದೆ ಚಿಪ್ಪು ಅಲ್ಲೇ ಒಡೆಯೋ ಭಯ. ಅದಕ್ಕೆ ಬೇರೆ ಉಪಾಯಗಳಿವೆ, ಅಂಚಿನಲ್ಲಿ ಆಂಕರ್ ಅನ್ನೋ ದಾರ ಕಟ್ಟಿದ ಪುಟ್ಟ ಮೊಳೆ ಹಾಕಿ ಕಟ್ಟೋದು, ಇಲ್ಲಾ ಚಿಪ್ಪನ್ನ ಮುಟ್ಟದೇನೇ ಅದರ ಮೇಲಿನ ಕ್ವಾಡ್ರಿಸೆಪ್ಸ್ ಟೆಂಡನ್‌ಗೆ ಹೊಲಿಯೋದು, ಇಲ್ಲಾ ಆ ಟೆಂಡನ್‌ದೇ ಒಂದು ಪಟ್ಟಿ ಬಿಡಿಸಿ ತಿರುಗಿಸಿ ಬಳಸೋದು. ನನಗೆ ಆಂಕರ್ ಹಾಕಿದ್ರು. ಚಿಪ್ಪಿನ ಆಕಾರ ಬೇರೆ ಇರೋ ಪ್ರತಿಯೊಬ್ಬರೂ ಆಪರೇಷನ್‌ಗೆ ಮೊದಲು ಕೇಳ್ಲೇಬೇಕಾದ ಪ್ರಶ್ನೆ ಇದು, ನನ್ನ ಚಿಪ್ಪಲ್ಲಿ ಎಲ್ಲಿ ಎಷ್ಟು ಕೊರೀತೀರ ಅಂತ.

ಲಿಗಮೆಂಟ್ ಒಂದೇ ಸಾಕಾ ಅನ್ನೋದು ಮುಂದಿನ ಪ್ರಶ್ನೆ. ಮೇಲೆ ಕೂತ ಚಿಪ್ಪು ಗ್ರೂವ್ ಒಳಗೆ ಇಳಿಯೋದೇ ತಡವಾಗಿ, ಅಲ್ಲಿವರೆಗೂ ಎಲ್ಲ ಭಾರ ಲಿಗಮೆಂಟ್ ಮೇಲೇ. ಅದಕ್ಕೆ ಟಿಬಿಯಾದ ಮೇಲಿನ ಆ ಉಬ್ಬನ್ನ, ಟೆಂಡನ್ ಸಮೇತ, ಒಂದು ಉದ್ದ ಮೂಳೆ ತುಂಡಾಗಿ ಕತ್ತರಿಸಿ, ಬೇಕಾದಷ್ಟು ಕೆಳಕ್ಕೋ ಒಳಕ್ಕೋ ಸರಿಸಿ ಸ್ಕ್ರೂ ಹಾಕ್ತಾರೆ. ಇದರ ಇತಿಹಾಸ ಓದಿದಾಗ ನನಗೆ ಮೈ ಜುಮ್ಮೆಂದಿತು. 1938ರಲ್ಲಿ ಹೌಸರ್ ಅನ್ನೋವರು ಈ ಉಬ್ಬನ್ನ ಒಳಕ್ಕೂ ಕೆಳಕ್ಕೂ ಸರಿಸೋ ಆಪರೇಷನ್ ಶುರು ಮಾಡಿದ್ರು, ಟಿಬಿಯಾ ಅಲ್ಲಿ ಹಿಂದಕ್ಕೆ ವಾಲಿರೋದ್ರಿಂದ ಒಳಕ್ಕೆ ಸರಿಸಿದ ತುಂಡು ಹಿಂದಕ್ಕೂ ಹೋಗ್ತಿತ್ತು. ಜಾರೋದು ನಿಂತ್ರೂ ಚಿಪ್ಪು ತೊಡೆಮೂಳೆಗೆ ಜೋರಾಗಿ ಒತ್ತಿ, ವರ್ಷಗಳಾದ ಮೇಲೆ ಎಷ್ಟೋ ಜನಕ್ಕೆ ಮಂಡಿ ಸವೆತ ಬಂತು. 1983ರಲ್ಲಿ ಫುಲ್ಕರ್ಸನ್ ಅನ್ನೋ ಸರ್ಜನ್ ಅದೇ ಮೂಳೆಯನ್ನ ಓರೆಯಾಗಿ ಕತ್ತರಿಸಿದ್ರು, ಒಳಕ್ಕೆ ಸರಿಸಿದಾಗ ಅದು ಮುಂದಕ್ಕೂ ಬರೋ ಹಾಗೆ, ಒತ್ತಡ ಕಮ್ಮಿ ಆಗೋ ಹಾಗೆ. ಒಂದು ಮೂಳೆಯನ್ನ ಯಾವ ಕೋನದಲ್ಲಿ ಕತ್ತರಿಸ್ತಾರೆ ಅನ್ನೋದರ ಮೇಲೆ ಒಬ್ಬರ ಮುಂದಿನ ಇಪ್ಪತ್ತು ವರ್ಷ ನಿಂತಿರುತ್ತೆ. ನನಗೆ ಟಿಟಿ-ಟಿಜಿ ಸರಿಯಾಗೇ ಇತ್ತು, ಹಾಗಾಗಿ ಒಳಕ್ಕೆ ಸರಿಸಲಿಲ್ಲ, ಕೆಳಕ್ಕೆ ಮಾತ್ರ ಸರಿಸಿದ್ರು.

ಗ್ರೂವ್ ಅನ್ನೇ ಆಳ ಮಾಡೋ ಟ್ರೊಕ್ಲಿಯೋಪ್ಲಾಸ್ಟಿ ಇವೆಲ್ಲಕ್ಕಿಂತ ದೊಡ್ಡ ಕೆಲಸ. 1915ರಲ್ಲೇ ಆಲ್ಬಿ ಅನ್ನೋ ಅಮೆರಿಕದ ಸರ್ಜನ್ ಹೊರಗೋಡೆ ಎತ್ತರಿಸೋಕೆ ಮೂಳೆ ತುಂಡು ತೂರಿಸಿದ್ರು, ಈಗ ಅದಕ್ಕಿಂತ ಕಾರ್ಟಿಲೇಜಿನ ಅಡಿಯ ಮೂಳೆ ಕೊರೆದು ತೆಗೆದು, ಮೇಲಿನ ಪದರವನ್ನ ಹೊಸ ತಗ್ಗಿಗೆ ಕೂರಿಸೋದೇ ಹೆಚ್ಚು. ಗ್ರೂವ್ ಜಾಗದಲ್ಲಿ ಉಬ್ಬೇ ಇರೋರಿಗೆ ಇದರಿಂದ ಬಹಳ ಅನುಕೂಲ ಆಗುತ್ತೆ. ನಾನೂ ಇದನ್ನೇ ಮಾಡಿ ಅಂತ ಕೇಳಿದ್ದೆ, ತಗ್ಗು ಸಾಲದು ಅಂದ್ರೆ ತಗ್ಗು ತೋಡಿ ಅನ್ನೋದು ಸಹಜ ಅಲ್ವಾ. ಅದಕ್ಕೆ ಡಾಕ್ಟ್ರು ಕೊಟ್ಟ ಉತ್ತರ ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ಸಿದ್ದು. ಗ್ರೂವ್ ಆಳ ಮಾಡಬಹುದು, ನಿಮ್ಮ ಚಿಪ್ಪಿಗೆ ಏಣೇ ಇಲ್ಲವಲ್ಲ, ಚಪ್ಪಟೆ ಚಿಪ್ಪು ಆಳವಾದ ತಗ್ಗಿನಲ್ಲಿ ಎರಡು ಅಂಚಿನ ಮೇಲೆ ಮಾತ್ರ ನಿಲ್ಲುತ್ತೆ, ಆ ಅಂಚುಗಳಲ್ಲಿ ಕಾರ್ಟಿಲೇಜ್ ಬೇಗ ಸವೆಯುತ್ತೆ ಅಂದ್ರು. ನನ್ನ ಗ್ರೂವ್‌ನಲ್ಲಿ ಉಬ್ಬು ಇರಲಿಲ್ಲ, ಬರೀ ಆಳ ಕಮ್ಮಿ, ಅದನ್ನ ಹಾಗೇ ಬಿಟ್ಟು ಉಳಿದೆರಡು ಮಾಡೋದು ಅಂತ ತೀರ್ಮಾನ ಆಯ್ತು. ಚಿಪ್ಪನ್ನೇ ಕತ್ತರಿಸಿ ಏಣು ಮಾಡೋ ಆಪರೇಷನ್ ಕೂಡ ಇದೆ, ತೀರಾ ಅಪರೂಪ, ಅಷ್ಟು ಚಿಕ್ಕ ಮೂಳೆಗೆ ಹೋಗೋ ರಕ್ತ ನಿಂತುಬಿಡಬಹುದು, ಕಾರ್ಟಿಲೇಜ್ ಹಾಳಾಗಬಹುದು, ಬೇರೆ ದಾರಿ ಇರುವಾಗ ಯಾರೂ ಅದರ ಸುದ್ದಿಗೆ ಹೋಗಲ್ಲ.

ಹೊರಬದಿಯ ಬಿಗಿ ಪದರವನ್ನ ಕತ್ತರಿಸಿಬಿಡೋದು ಒಂದು ಕಾಲದಲ್ಲಿ ಬಹಳ ನಡೀತಿತ್ತು. ಜಾರೋ ಚಿಪ್ಪಿಗೆ ಅದೊಂದನ್ನೇ ಮಾಡೋದು ಸರಿಯಲ್ಲ ಅಂತ ಈಗ ಒಪ್ಪಿಕೊಂಡಿದಾರೆ, ಯಾರಾದ್ರೂ ಅದೊಂದೇ ಸಾಕು ಅಂದ್ರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು, ಗ್ರೋತ್ ಪ್ಲೇಟ್, ಅಂದ್ರೆ ಮೂಳೆ ತುದಿಯಲ್ಲಿ ಅದು ಬೆಳೆಯೋ ಪದರ, ತೆರೆದಿರೋವರೆಗೆ ಟಿಬಿಯಾದ ಉಬ್ಬು ಕತ್ತರಿಸೋದು, ಗ್ರೂವ್ ತೋಡೋದು ಮಾಡಲ್ಲ, ಮೂಳೆ ಬೆಳವಣಿಗೆ ಕೆಡುತ್ತೆ. ಲಿಗಮೆಂಟ್ ಮಾತ್ರ ಪ್ಲೇಟ್ ತಪ್ಪಿಸಿ ಹಾಕಬಹುದು.

ಆಪರೇಷನ್ ಆದ ಮೇಲಿನ ದಿನಗಳ ಬಗ್ಗೆ ಒಂದೇ ಸಂಗತಿ ಬಿಡಿಸಿ ಹೇಳ್ತೀನಿ. ನೋವಿಗೆ ನಾನು ತಯಾರಿದ್ದೆ, ತೊಡೆ ಮಾತು ಕೇಳದೇ ಇರೋದಕ್ಕೆ ತಯಾರಿರಲಿಲ್ಲ. ಫಿಸಿಯೋ ಬಂದು "ಮೇಡಂ, ಮಂಡಿ ಕೆಳಗಿನ ಟವೆಲ್ಲನ್ನ ಹಾಸಿಗೆಗೆ ಒತ್ತಿ" ಅಂದ್ರು. ಒತ್ತಿದೆ ಅಂದ್ಕೊಂಡೆ. ತೊಡೆ ನೋಡಿದ್ರೆ ಒಂದಿಷ್ಟೂ ಅಲ್ಲಾಡಿಲ್ಲ, ಸ್ನಾಯು ಮೆತ್ತಗೆ ಹಾಗೇ ಬಿದ್ದಿದೆ, ಹಲ್ಲು ಕಚ್ಚಿಕೊಂಡು ಪ್ರಯತ್ನ ಪಟ್ರೆ ಪೃಷ್ಠ ಬಿಗಿಯಾಗುತ್ತೆ, ಪಾದ ಅಲ್ಲಾಡುತ್ತೆ, ತೊಡೆ ಮಾತ್ರ ಇಲ್ಲ. ಅವರು ನನ್ನ ಬೆರಳನ್ನೇ ಹಿಡಿದು ಚಿಪ್ಪಿನ ಸ್ವಲ್ಪ ಮೇಲೆ ಒಳಬದಿಯಲ್ಲಿ ಇಟ್ಟು, ಇಲ್ಲಿ ಅಲ್ಲಾಡೋದನ್ನ ಹುಡುಕ್ತಾ ಇರಿ ಅಂದ್ರು. ಕೀಲು ಊದಿಕೊಂಡಾಗ ಕ್ವಾಡ್ರಿಸೆಪ್ಸ್‌ಗೆ ಹೋಗೋ ನರಸಂದೇಶವನ್ನ ದೇಹವೇ ತಡೆಹಿಡಿಯುತ್ತೆ, ನಮ್ಮ ಇಚ್ಛಾಶಕ್ತಿಗೂ ಇದಕ್ಕೂ ಸಂಬಂಧ ಇಲ್ಲ. ಕೊನೆಗೊಂದು ದಿನ ಬೆರಳ ಕೆಳಗೆ ಚಿಕ್ಕದಾಗಿ ಅದುರಿದ ಹಾಗಾಯ್ತು. ಅಲ್ಲಿಂದ ಕಾಲು ನೇರ ಎತ್ತೋದು, ಬ್ರೇಸ್ ಹಾಕ್ಕೊಂಡು ಕ್ರಚಸ್‌ನಲ್ಲಿ ನಡೆಯೋದು, ಮೂಳೆ ಕೂಡೋವರೆಗೆ ಅರ್ಧ ಭಾರ, ಆಮೇಲೆ ಪೂರ್ತಿ ಭಾರ. ಆಟೋಟಕ್ಕೆ ಮರಳೋಕೆ ಆರು ತಿಂಗಳಿಂದ ಒಂದು ವರ್ಷ ಅಂತ ಸಾಮಾನ್ಯವಾಗಿ ಹೇಳ್ತಾರೆ, ಅವಸರ ಮಾಡ್ಬೇಡಿ.

ಚಿಪ್ಪು ಆಮೇಲೆ ಜಾರಿಲ್ಲ. ಆದ್ರೂ ಮೆಟ್ಟಿಲು ಇಳಿಯುವಾಗ ಚಿಪ್ಪಿನ ಹಿಂದೆ ನೋವು ಇದೆ, ಅದು ಹೋಗುತ್ತೆ ಅಂತ ಯಾರೂ ನನಗೆ ಮಾತು ಕೊಟ್ಟಿರಲಿಲ್ಲ, ಅದಕ್ಕೆ ನಾನು ಅವರಿಗೆ ಕೃತಜ್ಞಳು. ಜಾರೋದು ನಿಲ್ಲಿಸೋದು ಒಂದು ಕೆಲಸ, ನೋವು ಕಮ್ಮಿ ಮಾಡೋದು ಬೇರೆ ಕೆಲಸ, ಜಾರಿ ಜಾರಿ ಮೊದಲೇ ಸವೆದ ಕಾರ್ಟಿಲೇಜನ್ನ ಲಿಗಮೆಂಟೂ ಸ್ಕ್ರೂವೂ ವಾಪಸ್ ತರಲ್ಲ. ಸ್ಕ್ರೂ ಚರ್ಮದ ಕೆಳಗೆ ಒತ್ತುತ್ತೆ, ಮಂಡಿಯೂರಿ ಕೂರೋಕಾಗಲ್ಲ, ತೆಗೆಸೋದಾ ಅಂತ ಇನ್ನೂ ಯೋಚಿಸ್ತಿದೀನಿ. ಎಡಗಾಲಿನ ಚಿಪ್ಪೂ ಬಹುಪಾಲು ಇದೇ ಆಕಾರದ್ದು, ಅದು ಇದುವರೆಗೂ ಒಂದು ಸಲವೂ ಜಾರಿಲ್ಲ, ಹಾಗಾಗಿ ಅದಕ್ಕೆ ಆಪರೇಷನ್ ಬೇಡ ಅಂತ ಡಾಕ್ಟ್ರು ಖಡಾಖಂಡಿತವಾಗಿ ಹೇಳಿದಾರೆ, ಸ್ಕ್ಯಾನ್ ಚಿತ್ರಕ್ಕೆ ಆಪರೇಷನ್ ಮಾಡಲ್ಲ ಜಾರೋ ಮಂಡಿಗೆ ಮಾಡ್ತೀವಿ ಅಂತ. ಎರಡೂ ಕಾಲಿಗೆ ವ್ಯಾಯಾಮ ಮಾತ್ರ ಬಿಡದೆ ಮಾಡ್ತಿದೀನಿ.